ಸಂಖ್ಯೆಯ ಸೊಬಗು ಯಾರದು?

ಮನೆ ಬಾಡಿಗೆ, ಹಾಲಿನ ಬಾಕಿ, ರೈಲಿನ ಪಾಸು - ಊರು ಬಿಟ್ಟು ಮಹಾನಗರ ಸೇರಿದ ನಮಗೆ ಅಂಕಿಗಳೆಂದರೆ ಇವೇ. ತಿಂಗಳ ಕೊನೆಗೆ ಕೂಡಿ ಕಳೆದು ನಿಟ್ಟುಸಿರು ಬಿಡುವ ನಾವು ಒಂದು ಸಂಖ್ಯೆಯನ್ನು ಅದರ ಸೊಬಗಿಗಾಗಿಯೇ ನೋಡುವುದುಂಟೆ?

142857 ಎಂಬ ಸಂಖ್ಯೆಯನ್ನು ತೆಗೆದುಕೊಳ್ಳೋಣ. ಎರಡರಿಂದ ಗುಣಿಸಿದರೆ 285714, ಮೂರರಿಂದ 428571, ನಾಲ್ಕರಿಂದ 571428, ಐದರಿಂದ 714285, ಆರರಿಂದ 857142. ಅವೇ ಆರು ಅಂಕಿಗಳು, ಅದೇ ಸರದಿ. ಕೈ ಕೈ ಹಿಡಿದು ಸುತ್ತುವ ಮಕ್ಕಳ ಹಾಗೆ ಮುಂದೆ ಬಂದವರು ಬದಲಾಗುತ್ತಾರೆ, ಪಕ್ಕದವರು ಬದಲಾಗುವುದಿಲ್ಲ. ಏಳರಿಂದ ಗುಣಿಸಿದರೋ, 999999!

ಇನ್ನೊಂದು ವಿಚಿತ್ರ. ಇದರ ವರ್ಗ 20408122449. ಅದನ್ನು 20408 ಮತ್ತು 122449 ಎಂದು ಎರಡು ತುಂಡು ಮಾಡಿ ಕೂಡಿದರೆ ಮತ್ತೆ 142857. ಇಂಥ ಗುಣವುಳ್ಳವನ್ನು ಕಾಪ್ರೇಕರ್ ಸಂಖ್ಯೆಗಳೆನ್ನುತ್ತಾರೆ. ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದ ದ. ರಾ. ಕಾಪ್ರೇಕರರು (1905-1986) ಅಂಕಿಗಳ ಒಡನಾಟದಲ್ಲೇ ಬಾಳು ಸವೆಸಿದರು. 1975ರಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್ನರ್ ಅವರ ಬಗ್ಗೆ ಬರೆದ ಮೇಲೆ ಹೊರದೇಶದವರಿಗೂ ಅವರ ಹೆಸರು ಪರಿಚಯವಾಯಿತು. ಇದರಿಂದೇನು ಲಾಭ ಎಂದು ಕೇಳುತ್ತ ಕುಳಿತಿದ್ದರೆ ಅವರಿಗೆ ಈ ಆನಂದ ದೊರಕುತ್ತಿತ್ತೆ?

ಈ ಚಮತ್ಕಾರದ ಗುಟ್ಟು ಸರಳವಾದದ್ದು. ಒಂದನ್ನು ಏಳರಿಂದ ಭಾಗಿಸುತ್ತ ಹೋದರೆ ಶೇಷವಾಗಿ 3, 2, 6, 4, 5, 1 ಬರುತ್ತವೆ. ಒಂದು ಬಂದೊಡನೆ ಲೆಕ್ಕ ಮೊದಲಿನಿಂದ ಸುರುವಾಗುತ್ತದೆ. ಎರಡನ್ನು ಭಾಗಿಸಿದರೂ, ಐದನ್ನು ಭಾಗಿಸಿದರೂ ಅದೇ ಚಕ್ರವನ್ನು ಬೇರೆ ಬಾಗಿಲಿನಿಂದ ಹೊಕ್ಕಂತೆ, ಅಷ್ಟೆ.

ಆದರೆ ಇಲ್ಲೊಂದು ಪ್ರಶ್ನೆ ನಮ್ಮನ್ನು ಕಾಡುತ್ತದೆ. ಹತ್ತು ಬೆರಳಿನ ನಾವು ಹತ್ತರ ಗಣನೆಯಲ್ಲಿ ಬರೆಯುತ್ತೇವೆ. ಎಂಟರ ಗಣನೆಯಲ್ಲಿ ಬರೆದಿದ್ದರೆ ಏಳನೆಯ ಒಂದು ಪಾಲು ಬರಿಯ ಒಂದು, ಒಂದು, ಒಂದು ಎಂದು ಸಾಗುತ್ತಿತ್ತು. ಈ ಸುತ್ತಾಟ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಹಾಗಾದರೆ ಸೊಬಗು ಸಂಖ್ಯೆಯದೋ, ನಮ್ಮ ಬರವಣಿಗೆಯದೋ?

ಹೋಳಿಗೆಯನ್ನು ಏಳು ಪಾಲು ಮಾಡಿದರೆ ಯಾವ ಗಣನೆಯವನಿಗೂ ಸಿಗುವ ತುಂಡು ಒಂದೇ. ಸತ್ಯ ಯಾರ ಸ್ವತ್ತೂ ಅಲ್ಲ. ಆದರೆ ಅದರ ಒಂದು ಮುಖ ಒಂದು ಬರವಣಿಗೆಯಲ್ಲಿ ಮಾತ್ರ ನಗುತ್ತದೆ. ಆ ಬರವಣಿಗೆ ಮರೆತುಹೋದರೆ ಸತ್ಯಕ್ಕೆ ನಷ್ಟವಿಲ್ಲ, ನಷ್ಟ ನಮಗೆ.

ಭಾಷೆಯ ಮಾತೂ ಇದೇ ಅಲ್ಲವೆ? ನಮ್ಮ ಮಕ್ಕಳು ಶಾಲೆಯಲ್ಲಿ ಮರಾಠಿಯನ್ನೋ ತಮಿಳನ್ನೋ ಹಿಂದಿಯನ್ನೋ ಕಲಿಯುತ್ತಾರೆ. ಕಲಿಯಲಿ, ಪ್ರತಿಯೊಂದೂ ಒಂದು ಕಿಟಕಿ. ನಮ್ಮ ಕಿಟಕಿಯೊಂದರಿಂದಲೇ ಸೂರ್ಯ ಕಾಣುತ್ತಾನೆಂದು ಜಂಬ ಪಡುವುದು ತಪ್ಪು. ಬೇರೆ ಕಿಟಕಿಗಳಿವೆಯಲ್ಲ ಎಂದು ನಮ್ಮದನ್ನು ಮುಚ್ಚಿಬಿಡುವುದೂ ಅಷ್ಟೇ ತಪ್ಪು.

ಇಂದು ರಾತ್ರಿ ಊಟವಾದ ಮೇಲೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದನ್ನು ಏಳರಿಂದ ಭಾಗಿಸೋಣ. ಲೆಕ್ಕವನ್ನು ಮಾತ್ರ ಗಟ್ಟಿಯಾಗಿ, ಕನ್ನಡದಲ್ಲೇ ಹೇಳಿಕೊಡೋಣ.