ಕಂಡಷ್ಟನ್ನೇ ನುಡಿಯುವ ಸಾಕ್ಷಿ



ಬೀದರ ನಗರದ ಮಹಮೂದ್ ಗವಾನನ ಮದ್ರಸವನ್ನು ನೋಡದವರು ನಮ್ಮಲ್ಲಿ ವಿರಳ. 1472ರಲ್ಲಿ ಅದನ್ನು ಕಟ್ಟಿಸಿದ ಆ ಬಹಮನಿ ಮಂತ್ರಿಯ ಪ್ರಾಣವನ್ನು ಬಲಿ ತೆಗೆದುಕೊಂಡದ್ದು ಒಂದು ಕಾಗದ. ಅವನ ಮುದ್ರೆಯನ್ನು ವೈರಿಗಳು ಮೋಸದಿಂದ ಒತ್ತಿಸಿಕೊಂಡು, ಆ ಹಾಳೆಯ ಮೇಲೆ ರಾಜದ್ರೋಹದ ಪತ್ರವನ್ನು ಬರೆದರು. ಸುಲ್ತಾನನು ಮುದ್ರೆಯನ್ನು ನೋಡಿದನು, ಬರೆದವರಾರೆಂದು ವಿಚಾರಿಸಲಿಲ್ಲ. 1481ರಲ್ಲಿ ಗವಾನನ ಶಿರಚ್ಛೇದವಾಯಿತು. ಆ ಬಳಿಕ ಖಜಾಂಚಿಯನ್ನು ಕರೆಸಿ ಕೇಳಿದಾಗ, ಮಂತ್ರಿಯ ಸ್ವಂತ ಹಣ ಅತ್ಯಲ್ಪವೆಂದೂ ಉಳಿದುದು ಬಡವರಿಗೆ ಸಲ್ಲುತ್ತಿತ್ತೆಂದೂ ತಿಳಿಯಿತೆಂದು ಇತಿಹಾಸಕಾರ ಫೆರಿಷ್ತಾ ಬರೆಯುತ್ತಾನೆ. ಲೆಕ್ಕ ಬಲ್ಲವನ ಸಾಕ್ಷ್ಯ ತೀರ್ಪಿನ ನಂತರ ಬಂದಿತು!

ಇಂದು ಸರ್ಕಾರದ ಲೆಕ್ಕ ಪರಿಶೋಧಕನು ನ್ಯಾಯಾಲಯದ ಕಟಕಟೆಯಲ್ಲಿ ನಿಲ್ಲುವುದೇಕೆ ಎಂಬುದಕ್ಕೆ ಈ ಕಥೆಯಲ್ಲಿಯೇ ಉತ್ತರವಿದೆ. ಔರಾದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕೊಳವೆಬಾವಿ ಕೊರೆಯದೆಯೇ ಬಿಲ್ಲು ಪಾವತಿಯಾಯಿತೆಂದು ಭಾವಿಸೋಣ. ಪರಿಶೋಧಕನು ನಗದು ಪುಸ್ತಕ, ವೋಚರು, ಅಳತೆ ಪುಸ್ತಕಗಳನ್ನು ನೋಡಿ ಆಕ್ಷೇಪಣೆ ಬರೆಯುತ್ತಾನೆ. ವರ್ಷಗಳು ಉರುಳಿ, ಅವನು ಭಾಲ್ಕಿಗೆ ವರ್ಗವಾಗಿರುವಾಗಲೋ ನಿವೃತ್ತನಾಗಿರುವಾಗಲೋ ಬೀದರದ ನ್ಯಾಯಾಲಯದಿಂದ ಸಮನ್ಸು ಬರುತ್ತದೆ. ತನ್ನ ಟಿಪ್ಪಣಿಗಳನ್ನು ನೋಡಿ ನೆನಪನ್ನು ತಾಜಾ ಮಾಡಿಕೊಳ್ಳಲು ಕಾನೂನು ಅವಕಾಶ ನೀಡುತ್ತದೆ. ಆದರೆ ಪಾಟೀಸವಾಲಿನಿಂದ ವಿನಾಯಿತಿ ನೀಡುವುದಿಲ್ಲ.

ಏಕೆಂದರೆ ವರದಿಯೇ ತೀರ್ಪಲ್ಲ. ಮಹಾಲೇಖಪಾಲರ ವರದಿಯೂ ಸಂವಿಧಾನದ 151ನೆಯ ವಿಧಿಯಂತೆ ಶಾಸನಸಭೆಯ ಮುಂದೆ ಬಂದು ಚರ್ಚೆಗೆ ಒಳಗಾಗಬೇಕಾದುದು. ಅಂಥ ವರದಿಯೊಂದನ್ನೇ ಆಧರಿಸಿ ಹೂಡಿದ್ದ ಡಿನೋಟಿಫಿಕೇಷನ್ ಮೊಕದ್ದಮೆಗಳನ್ನು 2016ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ರದ್ದುಪಡಿಸಿತು. ಇದರಿಂದ ಕೆಲವರು ನೊಂದರು. ಆದರೂ ಆಕ್ಷೇಪಣೆಗೂ ಅಪರಾಧಕ್ಕೂ ನಡುವಣ ಅಂತರವನ್ನು ಅಳಿಸಿಹಾಕಿದರೆ ಗವಾನನ ಗತಿ ಯಾರಿಗೂ ಬಂದೀತು.

ಕಟಕಟೆಯಲ್ಲಿ ಎರಡು ಶೋಧನೆಗಳು ಕಾದಿರುತ್ತವೆ. ಮೊದಲನೆಯದು ಭಯದ್ದು: ಬಲಾಢ್ಯರಿಗೆ ಅಂಜಿ "ನೆನಪಿಲ್ಲ" ಎನ್ನುವುದು. ಇದನ್ನು ನಾವೆಲ್ಲ ಪಾಪವೆಂದು ಬಲ್ಲೆವು. ಎರಡನೆಯದು ಉತ್ಸಾಹದ್ದು. ವೋಚರು ಇಲ್ಲದ್ದನ್ನು ಮಾತ್ರ ಕಂಡವನು, "ಈ ಕಾರ್ಯದರ್ಶಿಯೇ ಹಣ ನುಂಗಿದ" ಎಂದುಬಿಡುವುದು. ಮೇಲಿನವರ ಮಾತಿಗೆ ಕಟ್ಟುಬಿದ್ದು ಸಹಿ ಹಾಕಿದ ಬಡ ನೌಕರನೊಬ್ಬನು ಆ ಒಂದು ವಾಕ್ಯದಿಂದ ಸೆರೆಮನೆ ಸೇರಬಹುದು. ಸದುದ್ದೇಶದಿಂದ ನುಡಿದರೂ, ಕಾಣದ್ದನ್ನು ಕಂಡೆನೆಂದರೆ ಅದು ದಶಾಜ್ಞೆಗಳು ನಿಷೇಧಿಸಿದ ಸುಳ್ಳುಸಾಕ್ಷಿಯೇ.

ಪವಿತ್ರಗ್ರಂಥದ ಸುಸನ್ನಳನ್ನು ನೆನೆಯಿರಿ. ಇಬ್ಬರು ಗೌರವಾನ್ವಿತ ಹಿರಿಯರ ಮಾತನ್ನು ಇಡೀ ಸಭೆ ನಂಬಿತ್ತು. ದಾನಿಯೇಲನು ಅವರನ್ನು ಬೇರ್ಪಡಿಸಿ, ಯಾವ ಮರದ ಕೆಳಗೆ ಕಂಡಿರೆಂದು ಒಬ್ಬೊಬ್ಬರನ್ನೇ ಕೇಳಿದನು. ಉತ್ತರಗಳು ಹೊಂದಲಿಲ್ಲ, ನಿರಪರಾಧಿ ಉಳಿದಳು. ಆದ್ದರಿಂದ ಪಾಟೀಸವಾಲು ಪ್ರಾಮಾಣಿಕ ಸಾಕ್ಷಿಗೆ ಅಪಮಾನವಲ್ಲ. "ಇಷ್ಟನ್ನು ಕಂಡೆ, ಇದರಾಚೆಗಿನದು ನನಗೆ ತಿಳಿಯದು" ಎಂದು ತುಂಬಿದ ನ್ಯಾಯಾಲಯದಲ್ಲಿ ಹೇಳಬಲ್ಲವನು ನೀರಿಲ್ಲದ ಹಳ್ಳಿಗೂ ನ್ಯಾಯ ಸಲ್ಲಿಸುತ್ತಾನೆ, ಆರೋಪಿಗೂ ಸಲ್ಲಿಸುತ್ತಾನೆ.

ಓದುಗರೇ, ನಾವು ಸಮನ್ಸಿಲ್ಲದೆಯೇ ದಿನವೂ ಸಾಕ್ಷಿ ನುಡಿಯುವವರು. ಧರ್ಮಕೇಂದ್ರದ ಲೆಕ್ಕದ ಬಗ್ಗೆ, ಸ್ವಸಹಾಯ ಸಂಘದ ಹಣದ ಬಗ್ಗೆ, ನೆರೆಯವನ ನಡತೆಯ ಬಗ್ಗೆ ಮಾತಾಡುವಾಗ, ಕಂಡದ್ದೆಷ್ಟು, ಊಹಿಸಿದ್ದೆಷ್ಟು ಎಂದು ಮೊದಲು ನಮ್ಮ ನಾಲಗೆಯ ಲೆಕ್ಕವನ್ನು ಪರಿಶೋಧಿಸೋಣ.