ಎರಡು ಪಟ್ಟಿ ಕೂಡಿದಾಗ ಹುಟ್ಟುವುದೇನು?

ಬಿಡಿ ವಸ್ತುಗಳು ಒಂದುಗೂಡಿದಾಗ ಹೊಸದೊಂದು ಹುಟ್ಟುತ್ತದೆಯೇ, ಇದ್ದದ್ದೇ ಬೆಳೆಯುತ್ತದೆಯೇ, ಅಥವಾ ಹೆಸರೊಂದೇ ಬದಲಾಗುತ್ತದೆಯೇ? ಭಾರತೀಯ ದರ್ಶನಗಳು ಇದನ್ನು ಅವಯವ (ಭಾಗ) ಮತ್ತು ಅವಯವಿಯ (ಭಾಗಗಳಿಂದಾದ ಇಡೀ ವಸ್ತು) ವಿಚಾರವೆಂದು ಕರೆದು ಶತಮಾನಗಳ ಕಾಲ ವಾದಿಸಿವೆ. ಪೈಥಾನ್‌ನಂಥ ಆಬ್ಜೆಕ್ಟ್ ಆಧಾರಿತ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎರಡು ಪಟ್ಟಿಗಳನ್ನು ಕೂಡಿಸುವವರ ಮುಂದೆಯೂ ಇದೇ ಪ್ರಶ್ನೆ ಬಂದು ನಿಲ್ಲುತ್ತದೆ. ಅಲ್ಲಿ ಯಾವುದಾದರೊಂದು ಉತ್ತರ ಆರಿಸಿಕೊಳ್ಳಲೇಬೇಕು.

ಮದುವೆಗೆ ಕರೆಯಬೇಕಾದವರ ಪಟ್ಟಿಯನ್ನು ತೆಗೆದುಕೊಳ್ಳಬಹುದು. ಗಂಡಿನ ಕಡೆಯ ಪಟ್ಟಿಯಲ್ಲಿ 120 ಹೆಸರು, ಹೆಣ್ಣಿನ ಕಡೆಯದರಲ್ಲಿ 180. ಪೈಥಾನ್‌ನಲ್ಲಿ + ಚಿಹ್ನೆಯಿಂದ ಇವನ್ನು ಕೂಡಿಸಿದರೆ 300 ಹೆಸರಿನ ಮೂರನೆಯ ಪಟ್ಟಿ ಹುಟ್ಟುತ್ತದೆ. ಮೊದಲಿನವೆರಡೂ ಇದ್ದ ಹಾಗೇ ಇರುತ್ತವೆ. ಎಕ್ಸ್‌ಟೆಂಡ್ ಎಂಬ ಮೆಥಡ್ ಬಳಸಿದರೆ ಗಂಡಿನ ಕಡೆಯ ಪಟ್ಟಿಯೇ 300ಕ್ಕೆ ಬೆಳೆಯುತ್ತದೆ. ಜಾವಾದ ಆ್ಯಡ್‌ಆಲ್ ಮಾಡುವುದೂ ಇದನ್ನೇ. ಓದಿ ನೋಡಿದರೆ ಎರಡು ದಾರಿಯ ಫಲವೂ ಒಂದೇ: ಅದೇ ಹೆಸರುಗಳು, ಅದೇ ಕ್ರಮ. ಆದರೆ ಗಂಡಿನ ಕಡೆಯ ಪಟ್ಟಿಗೆ ಊಟದ ಲೆಕ್ಕಕ್ಕಾಗಿ ‘ಎಲೆ’ ಎಂಬ ಇನ್ನೊಂದು ಹೆಸರನ್ನೂ ಮೊದಲೇ ಕೊಟ್ಟಿದ್ದರೆ ಗುಟ್ಟು ಹೊರಬೀಳುತ್ತದೆ. ಎಕ್ಸ್‌ಟೆಂಡ್ ಆದೊಡನೆ ‘ಎಲೆ’ಯೂ 300 ಆಗಿರುತ್ತದೆ, + ಬಳಸಿದ್ದರೆ ಅದು 120ರಲ್ಲೇ ಉಳಿಯುತ್ತದೆ. ಅದಕ್ಕೇ ಪೈಥಾನ್ ಎರಡು ಬಗೆಯ ಪರೀಕ್ಷೆ ಇಟ್ಟುಕೊಂಡಿದೆ. ಒಳಗಿರುವುದು ಸಮವೇ ಎಂದು == ಕೇಳುತ್ತದೆ; ವಸ್ತು ಅದೇಯೇ ಎಂದು ‘ಈಸ್’ ಕೇಳುತ್ತದೆ.

ನ್ಯಾಯ-ವೈಶೇಷಿಕರ ಮತ + ಚಿಹ್ನೆಯ ಕಡೆಗಿದೆ. ಅವರ ಪ್ರಕಾರ ಬಟ್ಟೆಯೆಂದರೆ ನೂಲುಗಳ ಗುಂಪಲ್ಲ, ನೂಲುಗಳಲ್ಲಿ ಸಮವಾಯವೆಂಬ ಬಿಡಿಸಲಾಗದ ಸಂಬಂಧದಿಂದ ನೆಲೆಸಿರುವ ಬೇರೆಯೇ ದ್ರವ್ಯ. ಆದ್ದರಿಂದ ನೇಯ್ದ ಬಟ್ಟೆಗೆ ಒಂದೇ ಒಂದು ಎಳೆ ಸೇರಿದರೂ ಹಳೆಯ ಬಟ್ಟೆ ನಾಶವಾಗಿ ಹೊಸತು ಹುಟ್ಟಿತೆಂದೇ ಹೇಳಬೇಕು. ಮಗ್ಗದ ಮುಂದೆ ಕೂತವನಿಗೆ ಇದು ವಿಚಿತ್ರವಾಗಿ ಕಾಣಬಹುದು. ಆದರೆ ಅವಯವಿ ಬೇರೆಯೇ ವಸ್ತು ಎಂದು ಒಪ್ಪಿದ ಮೇಲೆ ಈ ತೀರ್ಮಾನದಿಂದ ತಪ್ಪಿಸಿಕೊಳ್ಳಲು ಬರುವುದಿಲ್ಲ. ಆ ಧೈರ್ಯ ಮೆಚ್ಚತಕ್ಕದ್ದು.

ಬೌದ್ಧರು ಅವಯವಿಯನ್ನೇ ಒಪ್ಪುವುದಿಲ್ಲ. ಪಾಲಿ ಭಾಷೆಯ ಮಿಲಿಂದಪಞ್ಹದಲ್ಲಿ ನಾಗಸೇನ ಭಿಕ್ಷು ಯವನ ಅರಸ ಮಿಲಿಂದನಿಗೆ ರಥದ ಉದಾಹರಣೆ ಕೊಡುತ್ತಾನೆ. ಅಚ್ಚು ರಥವಲ್ಲ, ಗಾಲಿ ರಥವಲ್ಲ, ನೊಗ ರಥವಲ್ಲ. ಅವೆಲ್ಲ ಸೇರಿದಾಗ ನಡೆಯುವ ವ್ಯವಹಾರಕ್ಕೆ ರಥವೆಂದು ಹೆಸರು. ನ್ಯಾಯಸೂತ್ರದ ಎರಡನೆಯ ಅಧ್ಯಾಯ ಇಂಥ ವಾದವನ್ನು ಎದುರಿಸುತ್ತದೆ. ಸೇನೆ, ಕಾಡುಗಳಂತೆ ಎಲ್ಲವೂ ಬರೀ ಸಮೂಹವಾಗಿದ್ದರೆ, ಕಣ್ಣಿಗೆ ಕಾಣದ ಪರಮಾಣುಗಳ ಸಮೂಹವೂ ಕಾಣುತ್ತಿರಲಿಲ್ಲ ಎಂಬುದು ಒಂದು ಉತ್ತರ. ಇನ್ನೊಂದು ಇನ್ನೂ ಸರಳ: ಒಂದು ಕಡೆ ಹಿಡಿದು ಎಳೆದರೆ ಇಡೀ ವಸ್ತು ಬರುತ್ತದೆ. ಕೊಡದ ಕಂಠ ಹಿಡಿದು ಎತ್ತಿದರೆ ತಳವೂ ಜೊತೆಗೇ ಏಳುತ್ತದೆ. ರಾಗಿಯ ರಾಶಿಯಿಂದ ಒಂದು ಕಾಳು ಎತ್ತಿದರೆ ರಾಶಿ ಏಳುವುದಿಲ್ಲ.

ಈ ಒರೆಗೆ ಹಚ್ಚಿದರೆ ಪೈಥಾನ್‌ನ ಪಟ್ಟಿ ಕೊಡವೂ ಅಲ್ಲ, ರಾಶಿಯೂ ಅಲ್ಲ. ಪಟ್ಟಿಗೆ ತನ್ನದೇ ಗುರುತು ಇದೆ; ಒಳಗಿನದೆಲ್ಲ ತೆಗೆದುಹಾಕಿದರೂ ಖಾಲಿ ಪಟ್ಟಿಯಾಗಿ ಅದು ಉಳಿಯುತ್ತದೆ. ನೂಲೆಲ್ಲ ಕಿತ್ತ ಮೇಲೂ ಉಳಿಯುವ ಬಟ್ಟೆಯನ್ನು ಯಾವ ನೈಯಾಯಿಕನೂ ಒಪ್ಪಲಾರ. ಜೊತೆಗೆ, + ಹಾಕಿದಾಗ ಹಳೆಯ ಪಟ್ಟಿ ನಾಶವಾಗುವುದಿಲ್ಲ. ಒಳಗಿನ ವಸ್ತುಗಳ ನಕಲೂ ಆಗುವುದಿಲ್ಲ. ಹಳೆಯ ಪಟ್ಟಿ ಮತ್ತು ಹೊಸ ಪಟ್ಟಿ ಎರಡೂ ಅವೇ ವಸ್ತುಗಳತ್ತ ಬೆರಳು ತೋರಿಸುತ್ತವೆ. ಅತಿಥಿಯೊಬ್ಬರ ವಿಳಾಸವನ್ನು ಅವರ ಆಬ್ಜೆಕ್ಟ್‌ನಲ್ಲೇ ತಿದ್ದಿದರೆ ಎರಡು ಪಟ್ಟಿಯಲ್ಲೂ ತಿದ್ದಿದಂತೆ ಕಾಣುವುದು ಇದರಿಂದಲೇ. ಒಂದೇ ಎಳೆ ಏಕಕಾಲಕ್ಕೆ ಎರಡು ಬಟ್ಟೆಗಳಲ್ಲಿ ಇರಲಾರದು. ಒಂದೇ ಅತಿಥಿಯ ಉಲ್ಲೇಖ ಎಷ್ಟು ಪಟ್ಟಿಗಳಲ್ಲಾದರೂ ಇರಬಲ್ಲದು.

ಹಾಗೆಂದು ನಾಗಸೇನನ ಪಕ್ಷವೇ ಗೆದ್ದಿತೆನ್ನಲೂ ಆಗದು. ಪಟ್ಟಿ ಬರೀ ಹೆಸರಾಗಿದ್ದರೆ, ಸಮನಾದ ಎರಡು ಪಟ್ಟಿಗಳಲ್ಲಿ ಒಂದನ್ನು ಬದಲಿಸಿದಾಗ ಇನ್ನೊಂದು ಹಾಗೇ ಉಳಿಯುವುದಕ್ಕೆ ಕಾರಣ ಹೇಳಲು ಬರುತ್ತಿರಲಿಲ್ಲ. ಅವಯವಗಳಿಗಿಂತ ಅವಯವಿ ಬೇರೆ ಎಂಬಷ್ಟರಲ್ಲಿ ನೈಯಾಯಿಕರ ಮಾತು ಇಲ್ಲಿ ನಿಲ್ಲುತ್ತದೆ. ಅವಯವ ಸೇರಿದಾಗಲೆಲ್ಲ ಹೊಸ ಅವಯವಿ ಹುಟ್ಟಲೇಬೇಕು ಎಂಬಲ್ಲಿ ನಿಲ್ಲುವುದಿಲ್ಲ: ಎಕ್ಸ್‌ಟೆಂಡ್‌ನಲ್ಲಿ ಹಳೆಯ ಪಟ್ಟಿಯೇ ಬೆಳೆಯುತ್ತದೆ. ಇನ್ನೊಂದೆಡೆ, ಏನೂ ಸೇರದೆಯೂ ಹೊಸದು ಹುಟ್ಟಬಹುದು. ಪೈಥಾನ್‌ನಲ್ಲಿ ಒಂದು ಪಟ್ಟಿಗೆ + ಚಿಹ್ನೆಯಿಂದ ಖಾಲಿ ಪಟ್ಟಿಯನ್ನು ಕೂಡಿಸಿದರೂ ಸಿಗುವುದು ಹೊಸ ಪಟ್ಟಿಯೇ: == ಹೌದೆನ್ನುತ್ತದೆ, ‘ಈಸ್’ ಅಲ್ಲವೆನ್ನುತ್ತದೆ.