ಶ್ರಮವೇ ಬಾಧೆಯಾದಾಗ

ಬೆಂಗಳೂರಿನ ಪೂರ್ವಭಾಗದಲ್ಲಿ, ಹಳೆಯ ಮದರಾಸು ರಸ್ತೆಯ ಮೇಲೆ, ಟಿನ್ ಫ್ಯಾಕ್ಟರಿಯೆಂದು ಕರೆಯಲ್ಪಡುವ ಎಡೆಯನ್ನು ದಾಟಿ ಕೃಷ್ಣರಾಜಪುರದ ದಿಕ್ಕಿಗೆ ಸಾಗಿದರೆ ದೂರವಾಣಿನಗರವು ದೊರೆಯುವುದು. ೧೯೪೮ರಲ್ಲಿ ಸ್ಥಾಪಿತವಾದ ದೂರವಾಣಿ ಕಾರ್ಖಾನೆಯ ಊರು ಅದು. ೧೯೬೪ರಲ್ಲಿ ಟೋಕಿಯೋ ಒಲಿಂಪಿಕ್ ಕೂಟದಲ್ಲಿ ಓಡಿದ, ೧೯೬೫ರ ಅರ್ಜುನ ಪ್ರಶಸ್ತಿಯನ್ನು ಪಡೆದ ಕೆನೆತ್ ಪೊವೆಲ್ಲರು ಈ ಕಾರ್ಖಾನೆಯ ನೌಕರರಾಗಿದ್ದರು. ಓಟಗಾರನಿಗೆ ಸಂಸ್ಥೆಯು ಅನ್ನವನ್ನೀಯುವುದು, ಸಂಸ್ಥೆಗೆ ಓಟಗಾರನು ಕೀರ್ತಿಯನ್ನು ತರುವುದು. ಇಂತಹ ಏರ್ಪಾಡು ರೈಲ್ವೆ, ಪೊಲೀಸು, ಸೈನ್ಯ ಮೊದಲಾದ ಕಡೆಗಳಲ್ಲಿ ಇಂದಿಗೂ ನಡೆದುಬಂದಿದೆ. ಬಡವರ ಮನೆಯ ಎಷ್ಟೋ ಮಕ್ಕಳು ಇದರಿಂದ ಮೇಲೆ ಬಂದಿದ್ದಾರೆ. ಆದರೆ ಇದರೊಳಗೆ ಒಂದು ಧರ್ಮಸೂಕ್ಷ್ಮವು ಅಡಗಿದೆ. ಮುಂದಿನ ಮಾತು ಪೊವೆಲ್ಲರನ್ನು ಕುರಿತದ್ದಲ್ಲ. ಅವರಂತೆ ಓಟದಿಂದ ಕೆಲಸವನ್ನು ಪಡೆದ ಯಾವನೊಬ್ಬ ಯುವಕನನ್ನಾದರೂ ಊಹಿಸಿಕೊಳ್ಳಬಹುದು.

ಅವನಿಗೆ ಜ್ವರವಿಲ್ಲ, ಪೆಟ್ಟಿಲ್ಲ, ಸೋಮಾರಿತನವಂತೂ ಇಲ್ಲ. ಆದರೂ ತಿಂಗಳಿಂದ ತಿಂಗಳಿಗೆ ವೇಗವು ಕುಂದುತ್ತದೆ. ಅವನು ಏನು ಮಾಡುವನು? ಬಾಲ್ಯದಿಂದ ಕೇಳಿದ ಪಾಠವೊಂದೇ: ಹಿಂದೆ ಬಿದ್ದವನು ಇನ್ನಷ್ಟು ಶ್ರಮಿಸಬೇಕು. ಆರು ಸುತ್ತು ಓಡುತ್ತಿದ್ದವನು ಎಂಟು ಸುತ್ತು ಓಡುವನು. ವೇಗವು ಮತ್ತೂ ಕುಂದುವುದು. ಹತ್ತು ಸುತ್ತು ಓಡುವನು. ನಿದ್ದೆ ಕೆಡುವುದು, ಅನ್ನ ರುಚಿಸದು, ಮನಸ್ಸು ಸಿಡುಕಾಗುವುದು. ಅವನನ್ನು ಹೀಗೆ ಕೆಡಿಸುತ್ತಿರುವುದು ಲೋಕವೆಲ್ಲ ಹೊಗಳುವ ಸದ್ಗುಣವೇ.

ವ್ಯಾಯಾಮವು ತಾನಾಗಿ ಬಲವನ್ನು ಕೊಡುವುದಿಲ್ಲ. ಅದು ದೇಹವನ್ನು ಸವೆಸುವುದು. ಅನಂತರದ ಆಹಾರ, ನಿದ್ರೆ, ವಿರಾಮಗಳಲ್ಲಿ ದೇಹವು ಸವೆದುದನ್ನು ತುಂಬಿಕೊಂಡು ಮೊದಲಿಗಿಂತ ತುಸು ಗಟ್ಟಿಯಾಗುವುದು. ತುಂಬುವುದಕ್ಕೆ ಮುಂಚೆಯೇ ಮತ್ತೆ ಮತ್ತೆ ಸವೆಸಿದರೆ ಉಳಿಯುವುದು ಸವೆತ ಮಾತ್ರ. ಯೂರೋಪು ಅಮೆರಿಕಗಳ ಎರಡು ಕ್ರೀಡಾವಿಜ್ಞಾನ ಸಂಸ್ಥೆಗಳು ೨೦೧೩ರಲ್ಲಿ ಒಟ್ಟಾಗಿ ಪ್ರಕಟಿಸಿದ ಅಭಿಪ್ರಾಯದಲ್ಲಿ ಇದಕ್ಕೆ ಮೂರು ಮೆಟ್ಟಿಲುಗಳುಂಟು. ಕೆಲವು ದಿನ ಅಥವಾ ವಾರಗಳ ವಿರಾಮದಿಂದ ನೀಗಿ ಲಾಭವನ್ನೇ ಕೊಡುವ ದಣಿವು ಮೊದಲನೆಯದು. ವಾರಗಳು, ತಿಂಗಳುಗಳು ಹಿಡಿದು ಯಾವ ಲಾಭವನ್ನೂ ಕೊಡದಿರುವುದು ಎರಡನೆಯದು. ಅದಕ್ಕೂ ಮೀರಿದ್ದು ಮೂರನೆಯದು. ಇದನ್ನು ನಿಶ್ಚಯಿಸುವ ರಕ್ತಪರೀಕ್ಷೆ ಯಾವುದೂ ಇಲ್ಲ. ರಕ್ತಹೀನತೆ, ಥೈರಾಯ್ಡ್ ದೋಷ, ಸೋಂಕು, ಊಟದ ಕೊರತೆ ಇವು ಯಾವುವೂ ಅಲ್ಲವೆಂದು ತಿಳಿದ ಮೇಲೆ ಉಳಿಯುವ ಹೆಸರು ಅದು. (ಬಡ ಓಟಗಾರನಲ್ಲಿ ಈ ಕಡೆಯದನ್ನೇ ಮೊದಲು ವಿಚಾರಿಸತಕ್ಕದ್ದು.) ದಣಿದಿರುವಾಗ ತಾನು ಯಾವ ಮೆಟ್ಟಿಲಲ್ಲಿರುವನೆಂದು ಅವನಿಗೂ ತಿಳಿಯದು, ವೈದ್ಯನಿಗೂ ತಿಳಿಯದು. ಚೇತರಿಸಿಕೊಳ್ಳಲು ಎಷ್ಟು ಕಾಲ ಹಿಡಿಯಿತೆಂಬುದನ್ನು ನೋಡಿ ಹಿಂದಿನಿಂದ ಹೇಳಬೇಕು.

ಅತಿಯಾದರೆ ಅಮೃತವೂ ವಿಷವೆಂಬ ಗಾದೆಯು ಆದಕಾರಣ ಇಲ್ಲಿ ಸಾಲದು. ಅತಿಯು ಎಲ್ಲಿ ಆರಂಭವಾಯಿತೆಂದು ಅದು ಹೇಳುವುದಿಲ್ಲ. ವಾಗ್ಭಟನು ಅಷ್ಟಾಂಗಹೃದಯದಲ್ಲಿ ಇನ್ನೂ ಖಚಿತವಾಗಿ ಮಾತನಾಡುತ್ತಾನೆ. ಬಲವಂತರೂ ಜಿಡ್ಡಿನ ಊಟವುಳ್ಳವರೂ ಚಳಿಗಾಲ ವಸಂತಗಳಲ್ಲಿ ತಮ್ಮ ಶಕ್ತಿಯ ಅರ್ಧದಷ್ಟು ವ್ಯಾಯಾಮ ಮಾಡಬೇಕು, ಉಳಿದ ಋತುಗಳಲ್ಲಿ ಅದಕ್ಕಿಂತ ಕಡಮೆ ಎಂಬುದು ಅವನ ಮತ. ಮೀರಿದವನನ್ನು ಅವನು ಆನೆಯನ್ನೆಳೆದು ನಾಶವಾಗುವ ಸಿಂಹಕ್ಕೆ ಹೋಲಿಸುತ್ತಾನೆ. ಹೋಲಿಕೆಗೆ ಆರಿಸಿದ್ದು ಬಡಪ್ರಾಣಿಯನ್ನಲ್ಲವೆಂಬುದು ಗಮನಾರ್ಹ. ಆದರೆ ವಾಗ್ಭಟನ ಗುರಿ ಆರೋಗ್ಯ. ಒಲಿಂಪಿಕ್ ಕೂಟಕ್ಕೆ ಹೊರಟವನು ಅರ್ಧಶಕ್ತಿಯಲ್ಲಿ ನಿಲ್ಲಲಾರನು. ಎಲ್ಲೆಯನ್ನು ಮುಟ್ಟಿಬರುವುದೇ ಅವನ ವೃತ್ತಿ.

ಹೀಗಿರಲು ಎಲ್ಲೆಯ ಬಳಿಗೆ ಹೋದುದನ್ನು ತಪ್ಪೆನ್ನಲಾಗದು. ದೇಹವು ಹೇಳಿದ ಸಾಕ್ಷ್ಯವನ್ನು ಕೇಳದಿದ್ದುದು ತಪ್ಪು. ಅದನ್ನು ಕೇಳುವ ಧೈರ್ಯವಾದರೂ ಎಲ್ಲಿಂದ ಬರಬೇಕು? ಓಡುವವನ ಬೆವರು ಎಲ್ಲರಿಗೂ ಕಾಣುವುದು. ಮಲಗಿದವನು ವಿವೇಕಿಯೋ ಮೈಗಳ್ಳನೋ ಹೊರಗಿನಿಂದ ತಿಳಿಯದು. ಅವನಿಗೇ ತನ್ನ ಮೇಲೆ ಸಂದೇಹ ಹುಟ್ಟುವುದು. ತರಬೇತಿ ಕೊಡುವ ಗುರುವು ನಿಲ್ಲೆಂದರೆ ಮಾತ್ರ ಆ ವಿರಾಮಕ್ಕೆ ಮಾನವುಂಟಾಗುವುದು. ಗುರುವಿನ ಜೀವನವೂ ಶಿಷ್ಯನ ಪದಕಗಳ ಮೇಲೆಯೇ ನಿಂತಿದ್ದರೆ ಆ ಮಾತು ಅವನ ಬಾಯಿಂದ ಬರುವುದು ಕಷ್ಟ. ಆಗ ಹೊಣೆಯು ಅನ್ನವಿತ್ತ ಸಂಸ್ಥೆಗೆ ಸೇರುವುದು. ಗೆಲುವಿನ ಕೀರ್ತಿಯಲ್ಲಿ ಪಾಲನ್ನು ಪಡೆದುದು ಬಳಲಿಕೆಯ ತಿಂಗಳುಗಳನ್ನೂ ಹೊರತಕ್ಕದ್ದು ನ್ಯಾಯ. ಬೆಳಗಿನ ಐದು ಗಂಟೆಗೆ ಎದ್ದು, ಬೂಟಿನ ದಾರವನ್ನು ಕಟ್ಟಿಕೊಳ್ಳಲಾರದೆ ಕುಳಿತಿರುವ ಯುವಕನ ಆ ದಿನವು ಹಾಜರಿಪುಸ್ತಕದಲ್ಲಿ ರಜೆಯೆಂದು ಬರೆಯಲ್ಪಡುವುದೋ ಗೈರುಹಾಜರಿಯೆಂದು ಬರೆಯಲ್ಪಡುವುದೋ ಎಂಬುದರ ಮೇಲೆ ಅವನ ಮರುರಾತ್ರಿಯ ನಿದ್ದೆ ನಿಂತಿದೆ.